‘ಬರೆದ ಪತ್ರ’ ಮತ್ತು ‘ಬರೆದ ಹುಡುಗಿ’: ಇಂಗ್ಲಿಷ್ ಬರಹದಲ್ಲಿ ಭೂತಕೃದಂತವನ್ನು ವಿಶೇಷಣವಾಗಿ ಬಳಸುವ ಬಗೆ

ಮಂಡ್ಯದ ನಮ್ಮ ಬೀದಿಯ ಹುಡುಗಿಯೊಬ್ಬಳು ಕಳೆದ ಜೂನ್ ತಿಂಗಳಲ್ಲಿ ಖಾಸಗಿ ಶಾಲೆಯೊಂದರ ಕೆಲಸಕ್ಕೆ ಅರ್ಜಿ ಬರೆದು, “ಮೇಷ್ಟ್ರೇ, ಕಳ್ಸೋಕ್ ಮುಂಚೆ ಒಂದ್ಸಲ ನೋಡ್ಕೊಡಿ” ಎಂದು ನನ್ನ ಕೈಗಿತ್ತಳು. ಬಿ.ಎಸ್ಸಿ. ಮತ್ತು ಬಿ.ಎಡ್. ಎರಡನ್ನೂ ಒಳ್ಳೆಯ ಅಂಕಗಳೊಂದಿಗೆ ಮುಗಿಸಿದವಳು. ಅಕ್ಷರ ದುಂಡಗೆ, ಪತ್ರ ಒಂದೇ ಪುಟ. ಆ ಪುಟದಲ್ಲಿ ಮೂರು ಕಡೆ ನನ್ನ ಪೆನ್ಸಿಲ್ ನಿಂತಿತು. ಮೊದಲನೆಯದು ‘ಐ ಆ್ಯಮ್ ಇಂಟರೆಸ್ಟಿಂಗ್ ಇನ್ ಟೀಚಿಂಗ್’. ಎರಡನೆಯದು ‘ಐ ಆ್ಯಮ್ ಎ ಬಿ.ಎಡ್. ಕಂಪ್ಲೀಟೆಡ್ ಕ್ಯಾಂಡಿಡೇಟ್’. ಮೂರನೆಯದು ‘ಅಟೆಸ್ಟ್ ಕಾಪೀಸ್ ಆರ್ ಎನ್‌ಕ್ಲೋಸ್’. ಮೇಲ್ನೋಟಕ್ಕೆ ಮೂರು ಬೇರೆ ಬೇರೆ ತಪ್ಪುಗಳಂತೆ ಕಂಡರೂ ಇವು ಒಂದೇ ಜಾಗದಿಂದ ಹುಟ್ಟಿದವು: ಕ್ರಿಯಾಪದದಿಂದ ಬಂದ ರೂಪವೊಂದನ್ನು ವಿಶೇಷಣವಾಗಿ ಬಳಸುವಾಗ ಕನ್ನಡ ನಡೆಯುವ ದಾರಿಯೇ ಬೇರೆ, ಇಂಗ್ಲಿಷ್ ನಡೆಯುವ ದಾರಿಯೇ ಬೇರೆ. ಈ ವ್ಯತ್ಯಾಸವನ್ನು ನಮ್ಮ ಮಕ್ಕಳಿಗೆ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ ಎಂಬ ಸಂಕಟದಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ರೂಪವನ್ನು ಗುರುತಿಸಿ

ಶಾಲೆಯಲ್ಲಿ ನಾವೆಲ್ಲ ‘ರೈಟ್, ರೋಟ್, ರಿಟನ್’, ‘ಬ್ರೇಕ್, ಬ್ರೋಕ್, ಬ್ರೋಕನ್’ ಎಂದು ಮೂರು ಕಾಲಮುಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವರೇ. ಆ ಪಟ್ಟಿಯ ಮೂರನೆಯ ಕಾಲಮು, ಅಂದರೆ ಮಕ್ಕಳು ‘ವಿ-3’ ಎಂದು ಕರೆಯುವ ರೂಪವೇ ಪಾಸ್ಟ್ ಪಾರ್ಟಿಸಿಪಲ್. ಕನ್ನಡ ವ್ಯಾಕರಣದಲ್ಲಿ ಇದಕ್ಕೆ ಹತ್ತಿರವಾದುದು ಭೂತಕೃದಂತ: ‘ಮಾಡು’ ಧಾತುವಿನಿಂದ ‘ಮಾಡುವ’, ‘ಮಾಡಿದ’, ‘ಮಾಡದ’ ಎಂಬ ಮೂರು ಕೃದಂತಗಳು ಬರುತ್ತವೆ ಎಂದು ಪ್ರೌಢಶಾಲೆಯಲ್ಲಿ ಓದಿದ್ದೇವಲ್ಲ, ಅವುಗಳಲ್ಲಿ ನಡುವಿನದು. ‘ಮುರಿದ ಕುರ್ಚಿ’ ಎನ್ನುವಾಗ ‘ಮುರಿದ’ ಎಂಬುದು ಕುರ್ಚಿಗೆ ಹೇಗೆ ವಿಶೇಷಣವಾಗಿದೆಯೋ ‘ಬ್ರೋಕನ್ ಚೇರ್’ ಎನ್ನುವಾಗ ‘ಬ್ರೋಕನ್’ ಕೂಡ ಹಾಗೆಯೇ.

‘ಪಾಸ್ಟ್’ ಎಂಬ ಹೆಸರನ್ನು ಮಾತ್ರ ಕಾಲಸೂಚಕವೆಂದು ನಂಬಬಾರದು. ‘ನಾಳೆ ಬಿಸಿಯೂಟದಲ್ಲಿ ಬೇಯಿಸಿದ ಮೊಟ್ಟೆ ಕೊಡುತ್ತಾರೆ’ ಎಂದು ನಾವು ಹೇಳುವಾಗ ಮೊಟ್ಟೆ ಇನ್ನೂ ಬೆಂದಿಲ್ಲ, ಆದರೂ ‘ಬೇಯಿಸಿದ’ ಎನ್ನುತ್ತೇವೆ. ಇಂಗ್ಲಿಷಿನ ‘ಬಾಯಿಲ್ಡ್ ಎಗ್’ ಕೂಡ ಅದೇ ರೀತಿ. ಅದು ಯಾವಾಗ ಬೆಂದಿತು ಎಂಬುದನ್ನು ಹೇಳದೆ ಮೊಟ್ಟೆ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಹೇಳುತ್ತದೆ.

ಎರಡನೆಯ ಹೆಜ್ಜೆ: ಕ್ರಿಯೆ ಯಾರ ಮೇಲೆ ನಡೆಯಿತು ಎಂದು ಕೇಳಿಕೊಳ್ಳಿ

ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಬೀಗದ ಕೈ ಇಲ್ಲಿದೆ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಕನ್ನಡದ ಭೂತಕೃದಂತ ಬಹಳ ಉದಾರಿ. ‘ಬರೆದ ಪತ್ರ’ ಎನ್ನಬಹುದು, ‘ಬರೆದ ಹುಡುಗಿ’ ಎನ್ನಬಹುದು, ‘ಬರೆದ ಪೆನ್ನು’, ‘ಬರೆದ ದಿನ’, ‘ಬರೆದ ಮೇಜು’ ಎಂದೂ ಹೇಳಬಹುದು. ಮಾಡಿದವರು, ಮಾಡಿದ್ದು, ಮಾಡಲು ಬಳಸಿದ್ದು, ಮಾಡಿದ ಹೊತ್ತು, ಮಾಡಿದ ಜಾಗ ಎಲ್ಲಕ್ಕೂ ‘ಬರೆದ’ ಎಂಬ ಒಂದೇ ರೂಪ ಅಂಟಿಕೊಳ್ಳುತ್ತದೆ, ಕೇಳುವವರು ಸಂಬಂಧವನ್ನು ತಾವೇ ಊಹಿಸಿಕೊಳ್ಳುತ್ತಾರೆ. ಇಂಗ್ಲಿಷಿನ ಪಾಸ್ಟ್ ಪಾರ್ಟಿಸಿಪಲ್‌ಗೆ ಈ ಉದಾರತೆ ಇಲ್ಲ. ಸಕರ್ಮಕ, ಅಂದರೆ ಕರ್ಮವನ್ನು ಬೇಡುವ ಕ್ರಿಯಾಪದವಾದರೆ ಅದು ಸಾಮಾನ್ಯವಾಗಿ ಕ್ರಿಯೆಗೆ ಒಳಗಾದ ವಸ್ತುವಿಗೆ ಮಾತ್ರ ವಿಶೇಷಣವಾಗುತ್ತದೆ. ‘ರಿಟನ್ ಲೆಟರ್’ ಸರಿ. ‘ರಿಟನ್ ಗರ್ಲ್’ ಎಂದರೆ ಯಾರೋ ಆ ಹುಡುಗಿಯನ್ನೇ ಬರೆದರು ಎಂದಾಗುತ್ತದೆ. ಬರೆದ ಹುಡುಗಿಗೆ ‘ದಿ ಗರ್ಲ್ ಹೂ ರೋಟ್ ದಿ ಲೆಟರ್’ ಎಂದು ಪೂರ್ತಿ ಉಪವಾಕ್ಯವನ್ನೇ ಕಟ್ಟಬೇಕು, ಪೆನ್ನಿಗೆ ‘ದಿ ಪೆನ್ ಐ ರೋಟ್ ವಿತ್’ ಎನ್ನಬೇಕು.

ಪರೀಕ್ಷಿಸಿಕೊಳ್ಳುವುದಕ್ಕೆ ಕನ್ನಡದೊಳಗೇ ಒಂದು ಒರೆಗಲ್ಲಿದೆ. ನಿಮ್ಮ ಮನಸ್ಸಿನಲ್ಲಿರುವ ಕನ್ನಡ ಕೃದಂತಕ್ಕೆ ‘ಅಲ್ಪಟ್ಟ’ ಸೇರಿಸಿ ನೋಡಿ. ‘ಬರೆಯಲ್ಪಟ್ಟ ಪತ್ರ’ ಎಂದರೆ ಅರ್ಥವಾಗುತ್ತದೆ, ‘ಬರೆಯಲ್ಪಟ್ಟ ಹುಡುಗಿ’ ಎಂದರೆ ಕೆಡುತ್ತದೆ. ‘ಕೆತ್ತಲ್ಪಟ್ಟ ಕಂಬ’ ಆಗುತ್ತದೆ, ಆದ್ದರಿಂದ ಸೋಮನಾಥಪುರದ ಕೇಶವ ದೇವಾಲಯದ ಬಗ್ಗೆ ಬರೆಯುವಾಗ ‘ಕಾರ್ವ್ಡ್ ಪಿಲ್ಲರ್ಸ್’ ಎನ್ನಬಹುದು. ‘ಕೆತ್ತಲ್ಪಟ್ಟ ಶಿಲ್ಪಿ’ ಆಗುವುದಿಲ್ಲ, ಆದ್ದರಿಂದ ‘ಕಾರ್ವ್ಡ್ ಸ್ಕಲ್ಪ್ಟರ್’ ಇಲ್ಲ. ಒಳ್ಳೆಯ ಕನ್ನಡ ಗದ್ಯದಲ್ಲಿ ‘ಅಲ್ಪಟ್ಟ’ ಎಂಬ ರೂಪ ಕಿವಿಗೆ ಒರಟಾಗಿ ಕೇಳಿಸುತ್ತದೆ, ಅದನ್ನು ಬರಹದಲ್ಲಿ ತುಂಬಬೇಡಿ ಎಂದು ನಾನೇ ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ, ಆದರೆ ಇಂಗ್ಲಿಷ್ ಬರೆಯುವಾಗ ಮನಸ್ಸಿನೊಳಗೆ ಒರೆ ಹಚ್ಚಿ ನೋಡುವುದಕ್ಕೆ ಇದರಷ್ಟು ಉಪಯುಕ್ತವಾದುದು ಇನ್ನೊಂದಿಲ್ಲ.

ಈಗ ಆ ಹುಡುಗಿಯ ಎರಡನೆಯ ವಾಕ್ಯಕ್ಕೆ ಬನ್ನಿ. ‘ಬಿ.ಎಡ್. ಮುಗಿಸಿದ ಅಭ್ಯರ್ಥಿ’ ಎಂಬುದು ಕನ್ನಡದಲ್ಲಿ ಅಚ್ಚುಕಟ್ಟಾದ ಪದಗುಚ್ಛ. ‘ಮುಗಿಸಲ್ಪಟ್ಟ ಅಭ್ಯರ್ಥಿ’ ಎಂದು ಒರೆಗೆ ಹಚ್ಚಿದರೆ ಕೆಡುತ್ತದೆ, ಮುಗಿದದ್ದು ಬಿ.ಎಡ್. ಹೊರತು ಅಭ್ಯರ್ಥಿಯಲ್ಲ. ಹಾಗಾಗಿ ‘ಐ ಹ್ಯಾವ್ ಕಂಪ್ಲೀಟೆಡ್ ಬಿ.ಎಡ್.’ ಎಂದು ನೇರವಾಗಿ ಬರೆಯಬೇಕು. ‘ಎಸ್ಸೆಸ್ಸೆಲ್ಸಿ ಪಾಸ್ಡ್ ಕ್ಯಾಂಡಿಡೇಟ್ಸ್’ ಎಂಬ ಜಾಹೀರಾತಿನ ಭಾಷೆಯೂ ಇದೇ ಕನ್ನಡ ಗುಚ್ಛದ ನೆರಳು. ನಮ್ಮ ಕಡೆ ಎಲ್ಲರಿಗೂ ಅರ್ಥವಾಗುತ್ತದೆ ನಿಜ, ಆದರೆ ಎಚ್ಚರದ ಬರಹದಲ್ಲಿ ‘ಕ್ಯಾಂಡಿಡೇಟ್ಸ್ ಹೂ ಹ್ಯಾವ್ ಪಾಸ್ಡ್ ಎಸ್ಸೆಸ್ಸೆಲ್ಸಿ’ ಎಂದೇ ಇರಲಿ.

ಕೆಲವು ಪದಗಳು ಈ ನಿಯಮಕ್ಕೆ ಹೊರತಾಗಿವೆ, ಅವನ್ನು ಒಂದೊಂದಾಗಿ ಕಲಿಯುವುದೇ ದಾರಿ. ‘ವೆಲ್-ರೆಡ್ ಮ್ಯಾನ್’ ಎಂದರೆ ಬಹಳ ಓದಿಕೊಂಡವರು, ಓದಲ್ಪಟ್ಟವರಲ್ಲ. ‘ಎಕ್ಸ್‌ಪೀರಿಯನ್ಸ್ಡ್ ಡ್ರೈವರ್’ ಎಂದರೆ ಅನುಭವ ಉಳ್ಳ ಚಾಲಕ. ನ್ಯಾಯಾಲಯದಲ್ಲಿ ವಕೀಲರನ್ನು ಕರೆಯುವ ‘ಲರ್ನೆಡ್ ಕೌನ್ಸೆಲ್’ ಎಂಬುದರಲ್ಲಿ ಕಲಿತವರು ವಕೀಲರೇ. ಅಲ್ಲಿ ‘ಲರ್ನ್ಡ್’ ಎಂದು ಒಂದೇ ಉಸಿರಿಗೆ ಹೇಳದೆ ‘ಲರ್ನೆಡ್’ ಎಂದು ಎರಡು ಉಚ್ಚಾರಾಂಶಗಳಾಗಿ ಹೇಳುವುದು ಕ್ರಮ. ಅರ್ಜಿಯ ಕೊನೆಯಲ್ಲಿ ಬರುವ ‘ದಿ ಅಂಡರ್‌ಸೈನ್ಡ್’ ಕೂಡ ಕೆಳಗೆ ಸಹಿ ಮಾಡಿದವರನ್ನೇ ಸೂಚಿಸುತ್ತದೆ.

ಅಕರ್ಮಕ ಕ್ರಿಯಾಪದಗಳ ಮಾತು ಬೇರೆ

‘ಬೀಳು’, ‘ಬಾಡು’, ‘ನಿವೃತ್ತನಾಗು’ ಮುಂತಾದ ಕ್ರಿಯೆಗಳಿಗೆ ಕರ್ಮವಿಲ್ಲ, ಆದ್ದರಿಂದ ‘ಅಲ್ಪಟ್ಟ’ ಒರೆಗಲ್ಲು ಇಲ್ಲಿ ಕೆಲಸ ಮಾಡುವುದಿಲ್ಲ. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ, ಆ ಕ್ರಿಯೆಯಿಂದ ಕರ್ತೃವಿನ ಸ್ಥಿತಿ ಬದಲಾಗಿ ಆ ಬದಲಾವಣೆ ಉಳಿದಿದೆಯೇ ಎಂಬುದು. ಬಿದ್ದ ಎಲೆ ನೆಲದ ಮೇಲೇ ಇದೆ, ಆದ್ದರಿಂದ ‘ಫಾಲನ್ ಲೀವ್ಸ್’. ದೇವರಾಜ ಮಾರುಕಟ್ಟೆಯಲ್ಲಿ ಸಂಜೆಗೆ ಉಳಿದ ಬಾಡಿದ ಹೂವು ‘ವಿದರ್ಡ್ ಫ್ಲವರ್ಸ್’, ನಿವೃತ್ತ ಶಿಕ್ಷಕರು ‘ರಿಟೈರ್ಡ್ ಟೀಚರ್’, ಅವಧಿ ಮುಗಿದ ಮಾತ್ರೆ ‘ಎಕ್ಸ್‌ಪೈರ್ಡ್ ಟ್ಯಾಬ್ಲೆಟ್’. ಆದರೆ ನಕ್ಕ ಮಗು ‘ಲಾಫ್ಡ್ ಚೈಲ್ಡ್’ ಆಗುವುದಿಲ್ಲ, ಬಂದ ನೆಂಟರು ‘ಕಮ್ ಗೆಸ್ಟ್ಸ್’ ಆಗುವುದಿಲ್ಲ, ಏಕೆಂದರೆ ನಗುವುದೂ ಬರುವುದೂ ನಡೆದುಹೋಗುವ ಕ್ರಿಯೆಗಳು. ಕೆಲವೊಮ್ಮೆ ಒಂದು ಕ್ರಿಯಾವಿಶೇಷಣ ಜೊತೆಗೂಡಿದಾಗ ಬಾಗಿಲು ತೆರೆಯುತ್ತದೆ: ‘ಅರೈವ್ಡ್ ಗೆಸ್ಟ್ಸ್’ ಎಂಬುದಿಲ್ಲ, ‘ನ್ಯೂಲಿ ಅರೈವ್ಡ್ ಗೆಸ್ಟ್ಸ್’ ಎಂಬುದು ಇದೆ.

ಮೂರನೆಯ ಹೆಜ್ಜೆ: ಕಿವಿಗೆ ಕೇಳದ ಅಕ್ಷರವನ್ನು ಕೈ ಬಿಡಬಾರದು

‘ಅಟೆಸ್ಟ್ ಕಾಪೀಸ್’ ಎಂಬ ತಪ್ಪು ವ್ಯಾಕರಣ ಗೊತ್ತಿಲ್ಲದ್ದರಿಂದ ಬಂದದ್ದಲ್ಲ, ಕಿವಿಯನ್ನು ನಂಬಿದ್ದರಿಂದ ಬಂದದ್ದು. ಪದದ ಕೊನೆಯ ‘ಇ’ ಮತ್ತು ‘ಡಿ’ ಅಕ್ಷರಗಳಿಗೆ ಮೂರು ಬಗೆಯ ಉಚ್ಚಾರಣೆ ಇದೆ: ‘ಬೇಕ್ಟ್’ ಎಂಬಲ್ಲಿ ಟಕಾರದಂತೆ, ‘ಬಾಯಿಲ್ಡ್’ ಎಂಬಲ್ಲಿ ಡಕಾರದಂತೆ, ‘ರೋಸ್ಟೆಡ್’ ಎಂಬಲ್ಲಿ ಬಿಡಿಯಾದ ಉಚ್ಚಾರಾಂಶವಾಗಿ. ಮೊದಲ ಎರಡು ಬಗೆಗಳು ಮುಂದಿನ ಪದದ ಮೊದಲ ವ್ಯಂಜನದೊಳಗೆ ಮುಳುಗಿಹೋಗುತ್ತವೆ. ಹಾಗಾಗಿಯೇ ಫಲಕಗಳಲ್ಲಿ ‘ಫ್ರೈ ರೈಸ್’, ‘ಮಿಕ್ಸ್ ವೆಜಿಟೇಬಲ್’ ಎಂದು ಕಾಣುತ್ತೇವೆ. ಇಂಗ್ಲಿಷಿನವರ ಕಿವಿಗೂ ಇದೇ ಆಗಿದೆ. ಈಗಿನ ‘ಐಸ್ ಕ್ರೀಮ್’ ಮೊದಲು ‘ಐಸ್ಡ್ ಕ್ರೀಮ್’ ಆಗಿತ್ತು, ‘ಸ್ಕಿಮ್ಡ್ ಮಿಲ್ಕ್’ ಹಲವೆಡೆ ‘ಸ್ಕಿಮ್ ಮಿಲ್ಕ್’ ಆಗಿದೆ. ಆದರೆ ಅವು ಭಾಷೆಯೇ ಒಪ್ಪಿಕೊಂಡು ನೆಲೆಗೊಂಡ ರೂಪಗಳು. ಉಳಿದ ಕಡೆ ಅಕ್ಷರ ಬಿಟ್ಟರೆ ವಿಶೇಷಣ ಮತ್ತೆ ಕ್ರಿಯಾಪದವಾಗುತ್ತದೆ, ‘ಅಟೆಸ್ಟ್ ಕಾಪೀಸ್’ ಎಂದರೆ ‘ಪ್ರತಿಗಳನ್ನು ದೃಢೀಕರಿಸಿ’ ಎಂದು ಓದುವವರಿಗೆ ಅಪ್ಪಣೆ ಕೊಟ್ಟಂತೆ!

ಇದಕ್ಕೆ ನಾನು ಮಕ್ಕಳಿಗೆ ಹೇಳುವ ಉಪಾಯ ಸರಳವಾದದ್ದು. ಪುಸ್ತಕದ ಅಂಗಡಿಗೆ ಹೋದಾಗ ‘ಅನ್‌ರೂಲ್ಡ್ ನೋಟ್‌ಬುಕ್ ಕೊಡಿ’ ಎಂದು ತಪ್ಪಿಲ್ಲದೆ ಕೇಳುತ್ತೀರಿ. ಗೆರೆ ಹಾಕಿದ್ದು ‘ರೂಲ್ಡ್’, ಹಾಕದ್ದು ‘ಅನ್‌ರೂಲ್ಡ್’. ಆ ಡಕಾರವನ್ನು ನಾಲಿಗೆ ಅಲ್ಲಿ ಹೇಗೆ ಹಿಡಿದುಕೊಂಡಿದೆಯೋ ‘ಅಟೆಸ್ಟೆಡ್’, ‘ಸರ್ಟಿಫೈಡ್’, ‘ರಿಜಿಸ್ಟರ್ಡ್’, ‘ಏಡೆಡ್ ಸ್ಕೂಲ್’ ಎಲ್ಲದರಲ್ಲೂ ಹಾಗೆ ಹಿಡಿಯಲಿ. ಬರೆದು ಮುಗಿಸಿದ ಮೇಲೆ ಪ್ರತಿಯೊಂದು ನಾಮಪದದ ಹಿಂದಿನ ಪದವನ್ನು ಬೆರಳಿಟ್ಟು ನೋಡಿ, ಅದು ಕನ್ನಡದಲ್ಲಿ ‘ಇದ’, ‘ಆದ’ ಎಂದು ಕೊನೆಗೊಳ್ಳುವಂಥದ್ದಾದರೆ ಇಂಗ್ಲಿಷಿನಲ್ಲೂ ಅದಕ್ಕೊಂದು ಬಾಲ ಇರಬೇಕು.

ಬಾಲದ ಕಾಗುಣಿತವನ್ನೂ ಇಲ್ಲೇ ಹೇಳಿಬಿಡುತ್ತೇನೆ. ‘ಫ್ರೈ’, ‘ಡ್ರೈ’ಗಳ ಕೊನೆಯ ‘ವೈ’ ಅಕ್ಷರ ‘ಐ’ ಆಗುತ್ತದೆ. ‘ಪ್ಲ್ಯಾನ್’, ‘ಸ್ಟಾಪ್’ಗಳಲ್ಲಿ ಕೊನೆಯ ವ್ಯಂಜನ ಇಮ್ಮಡಿಯಾಗುತ್ತದೆ.

ನಾಲ್ಕನೆಯ ಹೆಜ್ಜೆ: ಭಾವನೆಯ ಪದಗಳಲ್ಲಿ ಎರಡು ಬಾಲಗಳನ್ನು ಬೇರೆ ಮಾಡಿ

‘ಐ ಆ್ಯಮ್ ಇಂಟರೆಸ್ಟಿಂಗ್’ ಎಂದು ಬರೆದ ಹುಡುಗಿಗೆ ಕಾರಣ ಕೇಳಿದೆ. “ಆಸಕ್ತಿ ಇದೆ ಅಂತ ತಾನೇ ಮೇಷ್ಟ್ರೇ, ಈಗ ಇರೋದಲ್ವಾ, ಅದಕ್ಕೇ ‘ಇಂಗ್’ ಹಾಕ್ದೆ” ಎಂದಳು. ಎಷ್ಟು ತರ್ಕಬದ್ಧವಾದ ಉತ್ತರ ನೋಡಿ! ಕನ್ನಡದಲ್ಲಿ ‘ಆಸಕ್ತಿಯಿರುವ’, ‘ಬೇಸರವಾಗುತ್ತಿರುವ’ ಎಂದೇ ಹೇಳುತ್ತೇವೆ, ಅಲ್ಲಿ ಭೂತಕಾಲದ ಸುಳಿವೇ ಇಲ್ಲ. ಆದರೆ ಇಂಗ್ಲಿಷಿನಲ್ಲಿ ‘ಇಂಟರೆಸ್ಟ್’, ‘ಬೋರ್’, ‘ಟೈರ್’, ‘ಕನ್‌ಫ್ಯೂಸ್’ ಎಂಬವು ‘ಆಸಕ್ತಿ ಹುಟ್ಟಿಸು’, ‘ಬೇಸರ ತರಿಸು’, ‘ದಣಿಸು’, ‘ಗೊಂದಲಕ್ಕೆ ಕೆಡವು’ ಎಂಬ ಸಕರ್ಮಕ ಕ್ರಿಯಾಪದಗಳು. ಹುಟ್ಟಿಸುವುದಕ್ಕೆ ‘ಇಂಗ್’, ಹುಟ್ಟಿಸಿಕೊಂಡವರಿಗೆ ‘ಇ-ಡಿ’. ಪಾಠ ‘ಇಂಟರೆಸ್ಟಿಂಗ್’, ಕೇಳುವ ಮಗು ‘ಇಂಟರೆಸ್ಟೆಡ್’. ‘ಐ ಆ್ಯಮ್ ಬೋರಿಂಗ್’ ಎಂದರೆ ‘ನನ್ನಿಂದ ಇತರರಿಗೆ ಬೇಸರವಾಗುತ್ತದೆ’ ಎಂದು ತನ್ನನ್ನೇ ಹಳಿದುಕೊಂಡಂತಾಗುತ್ತದೆ, ‘ಐ ಆ್ಯಮ್ ಬೋರ್ಡ್’ ಎಂದರೆ ‘ನನಗೆ ಬೇಸರವಾಗಿದೆ’. ಕೆಲಸದ ಸಂದರ್ಶನಕ್ಕೆ ಕರೆಯಬೇಕಾದವರು ಓದುವ ಮೊದಲ ಸಾಲಿನಲ್ಲೇ ಈ ಅದಲುಬದಲು ಆದರೆ ಉಳಿದ ಪುಟವನ್ನು ಅವರು ಬೇರೆಯೇ ಕಣ್ಣಿನಿಂದ ಓದುತ್ತಾರೆ ಎಂಬುದು ನೋವಿನ ಸಂಗತಿ, ಆದ್ದರಿಂದ ಈ ಒಂದು ಹೆಜ್ಜೆಯನ್ನು ಕಲಿಯುವವರು ಬೇರೆಲ್ಲದಕ್ಕಿಂತ ಮೊದಲು ಗಟ್ಟಿ ಮಾಡಿಕೊಳ್ಳಲಿ.

ಇಂಥ ವಿಶೇಷಣಗಳ ಮುಂದೆ ಬರುವ ಪುಟ್ಟ ಪದಗಳನ್ನು ಜೋಡಿಯಾಗಿಯೇ ಬರೆದಿಟ್ಟುಕೊಳ್ಳಿ: ‘ಇಂಟರೆಸ್ಟೆಡ್ ಇನ್’, ‘ಬೋರ್ಡ್ ವಿತ್’, ‘ಮ್ಯಾರೀಡ್ ಟು’. ಕನ್ನಡದಲ್ಲಿ ‘ಜೊತೆ ಮದುವೆ’ ಆಗುವುದರಿಂದ ‘ಮ್ಯಾರೀಡ್ ವಿತ್’ ಎಂದು ಬರೆಯುವ ಮನಸ್ಸಾಗುತ್ತದೆ, ಅದನ್ನು ತಡೆಯಬೇಕು.

ಐದನೆಯ ಹೆಜ್ಜೆ: ನಾಮಪದದ ಹಿಂದೋ ಮುಂದೋ

ಕನ್ನಡದಲ್ಲಿ ವಿಶೇಷಣ ಎಷ್ಟೇ ಉದ್ದವಾಗಿರಲಿ, ನಾಮಪದಕ್ಕಿಂತ ಮೊದಲೇ ಬರುತ್ತದೆ: ‘1897ರಲ್ಲಿ ಬೆಂಕಿಗೆ ಆಹುತಿಯಾದ ಮೈಸೂರಿನ ಮರದ ಅರಮನೆ’, ‘ಹೆನ್ರಿ ಇರ್ವಿನ್ ವಿನ್ಯಾಸಗೊಳಿಸಿ 1912ರಲ್ಲಿ ಪೂರ್ಣಗೊಂಡ ಅರಮನೆ’. ಇಂಗ್ಲಿಷಿನಲ್ಲಿ ಕೃದಂತ ಒಂಟಿಯಾಗಿದ್ದರೆ ಮಾತ್ರ ಮೊದಲು ಬರುತ್ತದೆ, ‘ದಿ ರೀಬಿಲ್ಟ್ ಪ್ಯಾಲೆಸ್’ ಎಂಬಂತೆ. ಯಾರಿಂದ, ಎಲ್ಲಿ, ಯಾವಾಗ ಎಂಬ ಪರಿವಾರ ಜೊತೆಗೆ ಬಂದರೆ ಅದು ಪರಿವಾರ ಸಮೇತ ನಾಮಪದದ ನಂತರಕ್ಕೆ ಹೋಗಿ ಕೂರುತ್ತದೆ: ‘ದಿ ಪ್ಯಾಲೆಸ್ ಡಿಸೈನ್ಡ್ ಬೈ ಹೆನ್ರಿ ಇರ್ವಿನ್’. ಹಾಗೆಯೇ ‘ದಿ ಅಟ್ಯಾಚ್ಡ್ ಫೈಲ್’, ಆದರೆ ‘ದಿ ಫೈಲ್ ಅಟ್ಯಾಚ್ಡ್ ಟು ದಿಸ್ ಲೆಟರ್’.

ಕೆಲವು ಪದಗಳಲ್ಲಿ ಜಾಗ ಬದಲಾದರೆ ಅರ್ಥವೇ ಬದಲಾಗುತ್ತದೆ. ನಮ್ಮ ತಾಲ್ಲೂಕು ಕಚೇರಿಗಳಿಗೆ ಹೋಗುವ ಎಷ್ಟೋ ಇಂಗ್ಲಿಷ್ ಅರ್ಜಿಗಳಲ್ಲಿ ‘ದಿ ಕನ್ಸರ್ನ್ಡ್ ಆಫೀಸರ್’ ಎಂದಿರುತ್ತದೆ, ‘ಸಂಬಂಧಪಟ್ಟ ಅಧಿಕಾರಿ’ ಎಂಬುದರ ಪದಶಃ ಅನುವಾದ ಅದು. ‘ಸಂಬಂಧಪಟ್ಟ’ ಎಂಬುದು ಅಧಿಕಾರಿಗಿಂತ ಮೊದಲು ಬಂದಿರುವುದರಿಂದ ‘ಕನ್ಸರ್ನ್ಡ್’ ಕೂಡ ಮೊದಲು ಬಂದಿದೆ. ಭಾರತದ ಕಚೇರಿ ಇಂಗ್ಲಿಷಿನಲ್ಲಿ ಇದು ಬೇರೂರಿದೆ, ಕರ್ನಾಟಕದೊಳಗಿನ ಅರ್ಜಿಗೆ ಇದರಿಂದ ಯಾವ ತೊಂದರೆಯೂ ಆಗದು. ಆದರೆ ಹೊರದೇಶದ ಓದುಗರಿಗೆ ನಾಮಪದದ ಮೊದಲು ಬಂದ ‘ಕನ್ಸರ್ನ್ಡ್’ ಎಂದರೆ ‘ಚಿಂತೆಗೊಳಗಾದ’, ‘ಆತಂಕಗೊಂಡ’ ಎಂದರ್ಥ. ‘ಕನ್ಸರ್ನ್ಡ್ ಪೇರೆಂಟ್ಸ್’ ಎಂದರೆ ಮಕ್ಕಳ ಬಗ್ಗೆ ಚಿಂತೆಯಲ್ಲಿರುವ ತಂದೆತಾಯಿ. ಸಂಬಂಧಪಟ್ಟ ಅಧಿಕಾರಿ ಬೇಕಾದರೆ ‘ದಿ ಆಫೀಸರ್ ಕನ್ಸರ್ನ್ಡ್’ ಎಂದು ನಂತರ ಇಡಬೇಕು. ಎರಡೂ ಕಡೆ ಸಲ್ಲುವ ರೂಪವನ್ನೇ ಅಭ್ಯಾಸ ಮಾಡಿಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ. ‘ಇನ್ವಾಲ್ವ್ಡ್’ ಕೂಡ ಇಂಥದ್ದೇ: ‘ದಿ ಪೀಪಲ್ ಇನ್ವಾಲ್ವ್ಡ್’ ಎಂದರೆ ಪಾಲ್ಗೊಂಡ ಜನ, ‘ಆ್ಯನ್ ಇನ್ವಾಲ್ವ್ಡ್ ಸ್ಟೋರಿ’ ಎಂದರೆ ಜಟಿಲವಾದ ಕಥೆ.

ಸಮಾಸದಂಥ ಕೃದಂತಗಳು

ನಮ್ಮ ಜಿಲ್ಲೆಯ ಹೊಲಗಳನ್ನು ವರ್ಣಿಸುವುದಕ್ಕೆ ಇಂಗ್ಲಿಷಿನಲ್ಲಿ ಎರಡು ಸೊಗಸಾದ ಪದಗಳಿವೆ. ಕೆ.ಆರ್.ಎಸ್. ನೀರನ್ನು ತರುವ ವಿಶ್ವೇಶ್ವರಯ್ಯ ನಾಲೆಯ ಬಯಲು ‘ಕೆನಾಲ್-ಇರಿಗೇಟೆಡ್ ಲ್ಯಾಂಡ್’, ನಾಗಮಂಗಲದ ಕಡೆಯ ರಾಗಿ, ಹುರುಳಿಯ ಹೊಲ ‘ರೇನ್-ಫೆಡ್ ಲ್ಯಾಂಡ್’. ‘ಫೆಡ್’ ಎಂಬುದು ‘ಫೀಡ್’ ಎಂಬುದರ ಮೂರನೆಯ ಕಾಲಮು, ಅಂದರೆ ಮಳೆಯೇ ಉಣಿಸಿದ ಭೂಮಿ. ಕನ್ನಡದ ಸಮಾಸದಂತೆ ಎರಡು ಪದಗಳನ್ನು ಬೆಸೆದು ನಡುವೆ ಹೈಫನ್ ಎಂಬ ಕಿರುಗೆರೆ ಹಾಕಿದರೆ ‘ಬಿಸಿಲಿನಲ್ಲಿ ಒಣಗಿಸಿದ’ ಎಂಬಷ್ಟು ಉದ್ದದ ಅರ್ಥ ‘ಸನ್-ಡ್ರೈಡ್’ ಎಂಬ ಒಂದೇ ಪದದಲ್ಲಿ ಸಂಡಿಗೆಯ ಹಿಂದೆ ಬಂದು ನಿಲ್ಲುತ್ತದೆ. ಹೊಯ್ಸಳರ ಕಂಬಗಳಿಗೆ ಕಲಾ ಇತಿಹಾಸಕಾರರು ಬಳಸುವ ‘ಲೇತ್-ಟರ್ನ್ಡ್ ಪಿಲ್ಲರ್ಸ್’ ಎಂಬ ಮಾತೂ ಹೀಗೆಯೇ ಹುಟ್ಟಿದ್ದು. ತಿರುಗಣೆಯ ಮೇಲೆ ಕಡೆದ ಕಂಬ ಎಂದು ಅದರ ಅರ್ಥ.

ಕಿರುಗೆರೆಯ ವಿಷಯದಲ್ಲಿ ನೆನಪಿಡಬೇಕಾದದ್ದು ಎರಡೇ. ನಾಮಪದಕ್ಕೆ ಮೊದಲು ಬಂದಾಗ ‘ಎ ವೆಲ್-ನೋನ್ ಸಿಂಗರ್’ ಎಂದು ಗೆರೆ ಬೇಕು, ವಾಕ್ಯದ ಕೊನೆಗೆ ‘ದಿ ಸಿಂಗರ್ ಈಸ್ ವೆಲ್ ನೋನ್’ ಎಂದು ಬಂದಾಗ ಸಾಮಾನ್ಯವಾಗಿ ಬೇಡ. ‘ನ್ಯೂಲಿ’, ‘ಫ್ರೆಶ್ಲಿ’ ಮುಂತಾದ, ‘ಎಲ್’ ಮತ್ತು ‘ವೈ’ಗಳಲ್ಲಿ ಕೊನೆಗೊಳ್ಳುವ ಕ್ರಿಯಾವಿಶೇಷಣಗಳ ನಂತರ ಗೆರೆ ಹಾಕುವುದಿಲ್ಲ.

ಎರಡು ರೂಪಗಳಿದ್ದಾಗ

ಕೆಲವು ಕ್ರಿಯಾಪದಗಳಿಗೆ ವಿಶೇಷಣಕ್ಕೆಂದೇ ಮೀಸಲಾದ ಹಳೆಯ ರೂಪ ಉಳಿದುಕೊಂಡಿದೆ. ಹಡಗು ‘ಹ್ಯಾಸ್ ಸಂಕ್’, ಆದರೆ ಮುಳುಗಿದ ಹಡಗು ‘ಸಂಕನ್ ಶಿಪ್’. ಬಟ್ಟೆ ‘ಹ್ಯಾಸ್ ಶ್ರಂಕ್’, ಮುಖ ‘ಶ್ರಂಕನ್’. ಕರಗಿದ ಬೆಣ್ಣೆ ‘ಮೆಲ್ಟೆಡ್ ಬಟರ್’, ಕರಗಿದ ಕಬ್ಬಿಣ ಅಥವಾ ಲಾವಾ ‘ಮೋಲ್ಟನ್’. ಸುಡುವ ಶಾಖದಲ್ಲಿ ಕರಗಿದ ಲೋಹ, ಕಲ್ಲು, ಗಾಜುಗಳಿಗೆ ಮಾತ್ರ ಈ ಎರಡನೆಯ ಪದ ಸಲ್ಲುತ್ತದೆ. ಕೊಳೆತ ಟೊಮೆಟೊ ‘ರಾಟನ್’. ಇವನ್ನು ನಿಘಂಟಿನಲ್ಲಿ ನೋಡಿಯೇ ಬರೆಯಬೇಕು.

ಇನ್ನು ಅಭ್ಯಾಸ. ಕಾಗದ ತೆಗೆದುಕೊಂಡು ಈ ಗುಚ್ಛಗಳನ್ನು ಇಂಗ್ಲಿಷಿಗೆ ತಂದು ನೋಡಿ: ಹುರಿದ ಕಡಲೆಕಾಯಿ, ಅಲಂಕರಿಸಿದ ಆನೆ, ಆನೆಯನ್ನು ಅಲಂಕರಿಸಿದ ಕಲಾವಿದರು, ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಚಿತ್ರ ಬಿಡಿಸಿದ ಗೋಡೆಗಳು, ಬೆಲ್ಲ ಕಾಯಿಸಿದ ಕೊಪ್ಪರಿಗೆ. ಮೊದಲೆರಡು ‘ರೋಸ್ಟೆಡ್ ಗ್ರೌಂಡ್‌ನಟ್ಸ್’ ಮತ್ತು ‘ಡೆಕೊರೇಟೆಡ್ ಎಲಿಫೆಂಟ್’ ಎಂದು ಸುಲಭವಾಗಿ ಬರುತ್ತವೆ. ಮೂರನೆಯದರಲ್ಲಿ ಕಲಾವಿದರು ಅಲಂಕಾರಗೊಂಡವರಲ್ಲ, ಆದ್ದರಿಂದ ‘ದಿ ಆರ್ಟಿಸ್ಟ್ಸ್ ಹೂ ಡೆಕೊರೇಟೆಡ್ ದಿ ಎಲಿಫೆಂಟ್’. ನಾಲ್ಕನೆಯದು ‘ಪೇಂಟೆಡ್ ವಾಲ್ಸ್’. ‘ಚಿತ್ರ’ವನ್ನು ಬೇರೆ ಹೇಳಬೇಕಾಗಿಲ್ಲ, ಕ್ರಿಯಾಪದದೊಳಗೇ ಅದಿದೆ. ಐದನೆಯದರಲ್ಲಿ ನಮ್ಮ ಆಲೆಮನೆಯ ಹುಡುಗರೆಲ್ಲ ‘ಬಾಯಿಲ್ಡ್ ಪ್ಯಾನ್’ ಎಂದು ಬರೆಯುತ್ತಾರೆ. ಕುದಿದದ್ದು ಕೊಪ್ಪರಿಗೆಯೋ ಕಬ್ಬಿನ ಹಾಲೋ ಎಂದು ಕೇಳಿದರೆ ಸಾಕು, ಅವರೇ ಒಂದು ಕ್ಷಣ ಯೋಚಿಸಿ ಗೀಟು ಹೊಡೆದು ‘ದಿ ಪ್ಯಾನ್ ಇನ್ ವಿಚ್ ದಿ ಜ್ಯೂಸ್ ವಾಸ್ ಬಾಯಿಲ್ಡ್’ ಎಂದು ತಿದ್ದಿಕೊಳ್ಳುತ್ತಾರೆ.